ಹನ್ನೆರಡು ಟೇಪಿನ ದೂರ: ಗೋವಾದ ಹಳ್ಳಿಯಲ್ಲಿ ನಮ್ಮ ಮನೆಗೆ ನಳ ಬಂದ ಕತೆ

ಆರೋಗ್ಯ ಕೇಂದ್ರದ ಇನ್ಸ್‌ಪೆಕ್ಟರ್ ನಮ್ಮ ಮನೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಅವರ ಬೆರಳು ಹಿತ್ತಲಿನ ಮೂಲೆಗೆ ಹೋಗಿ ನಿಂತಿತು. ಅಲ್ಲಿ ಸಣ್ಣದೊಂದು ದುಂಡು ಗುರುತು ಇತ್ತು. ಸೋಕ್ ಪಿಟ್, ಅಂದರೆ ಸೆಪ್ಟಿಕ್ ಟ್ಯಾಂಕಿನಿಂದ ಬಂದ ನೀರು ನೆಲಕ್ಕೆ ಇಂಗುವ ಇಂಗುಗುಂಡಿ.

"ಇದರ ಹತ್ತಿರ ಬಾವಿ ಇದೆಯಾ?" ಎಂದು ಕೊಂಕಣಿಯಲ್ಲಿ ಕೇಳಿದರು.

"ನಮ್ಮ ಜಾಗದಲ್ಲಿ ಇಲ್ಲ" ಅಂದೆ.

"ನಿಮ್ಮ ಜಾಗದ ಮಾತಲ್ಲ ಬಾಯೆ. ಹತ್ತಿರ ಇದೆಯಾ ಅಂತ ಕೇಳಿದೆ."

ಹಿಂದಿನ ಮನೆಯ ಮಾವಶಿಯ ಬಾವಿ ನೆನಪಾಯಿತು. ನಮ್ಮ ಗೋಡೆಯಾಚೆ, ಎರಡು ತೆಂಗಿನ ಮರಗಳ ನಡುವೆ ಇದೆ. ಹೌದು, ಒಂದು ಇದೆ ಅಂದೆ. ಎಷ್ಟು ದೂರ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ನಕ್ಷೆಯಲ್ಲಿ ಆ ಬಾವಿಯನ್ನು ತೋರಿಸಿರಲೇ ಇಲ್ಲ. "ಅಳೆದುಕೊಂಡು ಬನ್ನಿ" ಎಂದು ನಕ್ಷೆ ಮಡಚಿ ಕೈಗೆ ಕೊಟ್ಟರು. ಅದು 2022ರ ಜನವರಿ.

ನಾವು ನವಲಗುಂದ ಕಡೆಯವರು. ನಮ್ಮ ಯಜಮಾನರು ಫೋಂಡಾ ತಾಲೂಕಿನ ಕುಂಡಯಿ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾರೆ. ನಾನು ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ. 22 ವರ್ಷ ಬಾಡಿಗೆ ಮನೆಯಲ್ಲಿ ಇದ್ದೆವು. ಅಷ್ಟೂ ವರ್ಷ ಉಳಿಸಿದ ದುಡ್ಡು, ಊರಲ್ಲಿ ಪಾಲಿಗೆ ಬಂದ ಹೊಲ ಮಾರಿದ ದುಡ್ಡು, ಎರಡೂ ಸೇರಿಸಿ ಒಂದು ಹಳ್ಳಿಯಲ್ಲಿ 300 ಚದರ ಮೀಟರ್ ಜಾಗ ತಗೊಂಡೆವು. ಅಗಲ 12 ಮೀಟರ್, ಉದ್ದ 25 ಮೀಟರ್.

ನವಲಗುಂದದ ಕರಿಮಣ್ಣಿನಲ್ಲಿ ಬಾವಿ ತೋಡಿದರೆ ನೀರು ಸವಳು. ಕುಡಿಯಲು ಕೆರೆಯ ನೀರೇ ಗತಿ. ಆ ಕೆರೆ ತುಂಬಲು ಮಲಪ್ರಭಾ ಕಾಲುವೆಗೆ ನೀರು ಬಿಡಬೇಕು. ಸಣ್ಣವಳಿದ್ದಾಗ ನಾನೂ ಕೊಡ ಹೊತ್ತವಳೇ. ಗೋವಾಕ್ಕೆ ಬಂದ ಹೊಸದರಲ್ಲಿ ಮನೆಗೊಂದು ಬಾವಿ, ಬಾವಿ ತುಂಬ ಸಿಹಿನೀರು ನೋಡಿ ಬೆರಗಾಗಿತ್ತು. ಅದಕ್ಕೇ ಇರಬೇಕು, ಬಾವಿಯ ಮಾತು ಬಂದ ಕೂಡಲೇ ನಾನು ಸುಮ್ನೆ ಬಿಡಲು ಆಗಲಿಲ್ಲ.

ಮನೆ ಕಟ್ಟುವ ಕಾಗದಪತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೋವಾದಲ್ಲಿ ಹೊಲ ಗದ್ದೆಯ ಜಾಗವನ್ನು ಮನೆಗೆ ಬಳಸಬೇಕಾದರೆ 1968ರ ಭೂಕಂದಾಯ ಸಂಹಿತೆಯ 32ನೇ ಸೆಕ್ಷನ್ ಪ್ರಕಾರ ಪರಿವರ್ತನೆಯ ಸನದ್ ಬೇಕು. ನಮಗೆ ಜಾಗ ಮಾರಿದವರು ಅದನ್ನು ಮೊದಲೇ ಮಾಡಿಸಿದ್ದರು. ನಂತರ ಟೌನ್ ಪ್ಲಾನಿಂಗ್ ಇಲಾಖೆಯ ತಾಂತ್ರಿಕ ಒಪ್ಪಿಗೆ. ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ಎನ್‌ಒಸಿ. ಕೊನೆಗೆ ಪಂಚಾಯತಿಯ ಕಟ್ಟಡ ಪರವಾನಗಿ. ಯಜಮಾನರಿಗೆ ಶಿಫ್ಟ್ ಡ್ಯೂಟಿ. ಹಾಗಾಗಿ ಎಲ್ಲ ಆಫೀಸಿಗೂ ನಾನೇ ಅಲೆದೆ. ಹೊಲಿಗೆ ಮೆಷಿನ್ ಮಧ್ಯಾಹ್ನದ ಮೇಲೆ ತುಳಿಯುವುದು, ಬೆಳಿಗ್ಗೆ ಚೀಲ ಹಿಡಿದು ಬಸ್ಸು ಹತ್ತುವುದು.

ಆರೋಗ್ಯ ಕೇಂದ್ರದಿಂದ ಬಂದ ದಿನ ರಾತ್ರಿ ಮಗಳನ್ನು ಕೂರಿಸಿಕೊಂಡು ಟೌನ್ ಪ್ಲಾನಿಂಗ್ ಒಪ್ಪಿಗೆ ಪತ್ರ ಪೂರ್ತಿ ಓದಿಸಿದೆ. ಅಲ್ಲಿಯವರೆಗೆ ಅದನ್ನು ಯಾರೂ ಓದಿರಲಿಲ್ಲ. ನಕ್ಷೆ ಮಾಡಿಕೊಟ್ಟವರು "ಸ್ಟ್ಯಾಂಡರ್ಡ್ ಷರತ್ತು, ಎಲ್ಲರಿಗೂ ಅದೇ" ಅಂದಿದ್ದರು. ಅವಳು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ನೀರಿನ ಟ್ಯಾಂಕಿಗೆ ಗಟ್ಟಿಯಾಗಿ ಕೂರುವ ಮುಚ್ಚಳ ಇರಬೇಕು. ಸೆಪ್ಟಿಕ್ ಟ್ಯಾಂಕಿನ ಗಾಳಿ ಕೊಳವೆಗೆ ಸೊಳ್ಳೆ ಪರದೆ ಕಟ್ಟಬೇಕು. ರಸ್ತೆ ಅಗಲ ಮಾಡಲು ಬಿಟ್ಟ ಜಾಗದಲ್ಲಿ ಗುಂಡಿ ತೋಡಬಾರದು. ಇಂಗುಗುಂಡಿ ಯಾವುದೇ ಬಾವಿಯಿಂದ 15 ಮೀಟರ್ ಒಳಗೆ ಇರಬಾರದು.

"ಹದಿನೈದು ಮೀಟರ್ ಅಂದ್ರೆ ಎಷ್ಟು?" ಅಂದೆ. ನನ್ನ ಹೊಲಿಗೆ ಟೇಪು ಒಂದೂವರೆ ಮೀಟರಿನದು. ಹಾಗಾದರೆ ಹತ್ತು ಟೇಪು.

ಬೆಳಿಗ್ಗೆ ಎದ್ದು ಅಳೆದೆವು. ಗುಂಡಿಯ ಗುರುತಿನಿಂದ ಹಿಂದಿನ ಗೋಡೆಗೆ ಎರಡು ಟೇಪು. ಆಚೆ ಹೋಗಿ ಮಾವಶಿಗೆ ಕೇಳಿ, ಗೋಡೆಯಿಂದ ಬಾವಿಕಟ್ಟೆಯವರೆಗೆ ಟೇಪು ಹಾಸಿದೆವು. ನಾಲ್ಕು. ಒಟ್ಟು ಆರೇ ಟೇಪು, 9 ಮೀಟರ್.

ಮಾವಶಿ ನೋಡುತ್ತಾ ನಿಂತಿದ್ದರು. ಏನು ಅಳೆಯುತ್ತಿದ್ದೀರಿ ಎಂದು ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬಾವಿಯೊಳಗೆ ಬಗ್ಗಿ ನೋಡಿ ಎಂದು ಕರೆದರು. ಒಳಗಿನ ಸುತ್ತುಗೋಡೆ ಬರೀ ಜಂಬಿಟ್ಟಿಗೆ. ಇಲ್ಲಿ ಅದನ್ನು ಚಿರೆ ಅನ್ನುತ್ತಾರೆ. ಕಲ್ಲಿನ ತುಂಬ ಬೆರಳು ಹೋಗುವಂಥ ತೂತು. "ಮಳೆಗಾಲದಲ್ಲಿ ಈ ತೂತಿನಿಂದಲೇ ನೀರು ಬರುವುದು. ಆಗಸ್ಟಿನಲ್ಲಿ ಬಗ್ಗಿದರೆ ಕೈಗೆ ಸಿಗುತ್ತದೆ" ಅಂದರು.

ಆಗ ನನಗೆ ಆ ಷರತ್ತಿನ ಅರ್ಥ ಆಯಿತು. ಕರಿಮಣ್ಣಿನಲ್ಲಾದರೆ ನೀರು ನಿಧಾನ ಇಂಗುತ್ತದೆ, ಸೋಸುತ್ತಾ ಹೋಗುತ್ತದೆ. ಚಿರೆಯಲ್ಲಿ ಹಾಗಲ್ಲ. ಒಂದು ತೂತಿನಿಂದ ಇನ್ನೊಂದು ತೂತಿಗೆ ಸರಸರ ಹರಿಯುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದಾಗ ಇಂಗುಗುಂಡಿಯೇ ನೀರಿನಲ್ಲಿ ಮುಳುಗಿರುತ್ತದೆ. ನಮ್ಮ ಕಕ್ಕಸಿನ ನೀರು ಮಾವಶಿಯ ಕೊಡಕ್ಕೆ ಹೋಗಲು ಎಷ್ಟು ಹೊತ್ತು?

ನಕ್ಷೆ ಮಾಡಿದವರ ಹತ್ತಿರ ಹೋದೆ. ಅವರಿಗೆ ಇಷ್ಟ ಆಗಲಿಲ್ಲ. "ಪಕ್ಕದವರ ಬಾವಿ ತೋರಿಸಿದರೆ ನಿಮಗೇ ತೊಂದರೆ. ಯಾರೂ ಬಂದು ಅಳೆಯುವುದಿಲ್ಲ" ಎಂದರು. ನನಗೆ ಬಹಳ ಸಿಟ್ಟು ಬಂತು. ಅಳೆಯಲು ಯಾರೂ ಬರದಿದ್ದರೆ ಬಾವಿ ದೂರ ಹೋಗುತ್ತದೆಯಾ? ಹೊಸ ನಕ್ಷೆ ಮಾಡಿಕೊಡಿ, ದುಡ್ಡು ಕೊಡುತ್ತೇನೆ ಅಂದೆ.

ಗುಂಡಿಯನ್ನು ಮನೆಯ ಮುಂದಕ್ಕೆ ತರಬೇಕಾಯಿತು. ಹಾಗಾದರೆ ಮುಂದಿನವರ ಬಾವಿ? ನಾನೂ ಮಗಳೂ ಒಂದು ಭಾನುವಾರ ಸುತ್ತಲಿನ ನಾಲ್ಕು ಮನೆಗೂ ಹೋದೆವು. ಮೂರು ಮನೆಯಲ್ಲಿ ಬಾವಿ ಇತ್ತು. ಎದುರು ಮನೆಯದು ಅವರ ಹಿತ್ತಲಲ್ಲಿ, ದೂರ. ಎಡಗಡೆ ಮನೆಯದು ಹೊಸ ಗುರುತಿನಿಂದ 11 ಟೇಪು. ನಿಯಮಕ್ಕೆ ಸಾಕು. ಆದರೆ ಆರೋಗ್ಯ ಕೇಂದ್ರದ ಇನ್ಸ್‌ಪೆಕ್ಟರಿಗೆ ತೋರಿಸಿದಾಗ ಅವರು ಒಂದು ಮಾತು ಹೇಳಿದರು. ಸೆಪ್ಟಿಕ್ ಟ್ಯಾಂಕಿಗೆಂದು ಐಎಸ್ 2470 ಅನ್ನುವ ಭಾರತೀಯ ಮಾನದಂಡ ಇದೆ. ಅದು ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ 18 ಮೀಟರ್ ಕೇಳುತ್ತದೆ. "ಆದರೆ ಮಾಡಿ, ಇಲ್ಲದಿದ್ದರೂ ನಾನು ಸಹಿ ಮಾಡುತ್ತೇನೆ" ಅಂದರು. ಹದಿನೆಂಟು ಅಂದರೆ 12 ಟೇಪು. ಬಲಕ್ಕೆ ಇನ್ನೊಂದು ಟೇಪು ಸರಿಸಿದೆವು. ಗೇಟನ್ನು ಎಡಕ್ಕೆ ಹಾಕಿದೆವು. ಅಷ್ಟೇ ಆದದ್ದು.

ನಕ್ಷೆ ಮತ್ತೆ ಎಲ್ಲ ಮೇಜೂ ಸುತ್ತಿ ಬಂತು. ಎರಡು ತಿಂಗಳು ಹೋಯಿತು. ಏಪ್ರಿಲಿನಲ್ಲಿ ಪಂಚಾಯತಿಯ ಪರವಾನಗಿ ಸಿಕ್ಕಿತು, ಮೂರು ವರ್ಷದ್ದು. ಮಳೆಗೆ ಮುಂಚೆ ಪಾಯ ಮುಗಿಸಿದೆವು.

ಇಲ್ಲಿ ಕೂಲಿಯವರ ಮಾತು ಹೇಳಬೇಕು. ಗೋವಾದಲ್ಲಿ ಕಟ್ಟಡದ ಕೆಲಸ ಮಾಡುವವರಿಗೆ ಆರೋಗ್ಯ ಕಾರ್ಡ್ ಮಾಡಿಸಬೇಕು. ಮುಖ್ಯವಾಗಿ ಮಲೇರಿಯಾಕ್ಕಾಗಿ ರಕ್ತ ಪರೀಕ್ಷೆ. ನಮ್ಮ ಗೌಂಡಿಗಳು ಆರು ಜನ, ಎಲ್ಲರೂ ವಿಜಯಪುರ ಜಿಲ್ಲೆಯವರು. ರಕ್ತ ಕೊಡಬೇಕು ಅಂದಾಗ ಹಿಂಜರಿದರು. ಜ್ವರ ಅಂತ ಬಂದರೆ ಕೆಲಸದಿಂದ ತೆಗೆಯುತ್ತಾರೆ, ಊರಿಗೆ ಕಳಿಸುತ್ತಾರೆ ಅನ್ನುವ ಹೆದರಿಕೆ. ಅರ್ಧ ದಿನದ ಪಗಾರವೂ ಹೋಗುತ್ತದೆ. ನಾನು ಪಗಾರ ಹಿಡಿಯುವುದಿಲ್ಲ ಅಂತ ಹೇಳಿ ಅವರ ಜೊತೆಗೇ ಹೋದೆ. ಆರೋಗ್ಯ ಕೇಂದ್ರದಲ್ಲಿ ಕೊಂಕಣಿ, ಇವರದು ಕನ್ನಡ. ಹೆಸರು, ವಯಸ್ಸು, ಯಾವಾಗ ಬಂದಿರಿ, ಜ್ವರ ಬಂದಿತ್ತಾ, ಎಲ್ಲವನ್ನೂ ಅತ್ತ ಇತ್ತ ಹೇಳಿದೆ. ಒಬ್ಬ ಹುಡುಗನಿಗೆ 19 ವರ್ಷ. ಕಾರ್ಡನ್ನು ಕೈಯಲ್ಲಿ ಹಿಡಿದು, "ಅಕ್ಕಾರ, ಇದು ನನ್ನ ಹೆಸರಿನ ಮೊದಲನೇ ಗೋವಾ ಕಾಗದ" ಅಂದ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡ.

ಪ್ಲಂಬಿಂಗ್ ಕೆಲಸಕ್ಕೆ ನನ್ನ ಕಾಕಾನ ಮಗ ಬಂದ, ನನಗೆ ತಮ್ಮ. ವಾಸ್ಕೋದಲ್ಲಿ ಇರುತ್ತಾನೆ. 14 ವರ್ಷದ ಅನುಭವ. ಮೊದಲು ಹೆಲ್ಪರ್ ಆಗಿ ಪೈಪು ಹೊತ್ತ, ಆಮೇಲೆ ಕೆಲಸ ಕಲಿತ. ಲೈಸೆನ್ಸ್ ಇಲ್ಲ. ಎಂಟನೇ ತರಗತಿಗೆ ಶಾಲೆ ಬಿಟ್ಟವನು. ಆದರೆ ಕೈ ಬಹಳ ಚೊಕ್ಕ.

ಗುಂಡಿ ಮುಂದೆ ಬಂದದ್ದರಿಂದ ಅವನ ಕೆಲಸ ಹೆಚ್ಚಾಯಿತು. ಕಕ್ಕಸು ಹಿಂದೆ, ಸೆಪ್ಟಿಕ್ ಟ್ಯಾಂಕ್ ಮುಂದೆ. ನಡುವೆ 14 ಮೀಟರ್ ಪೈಪು. ನಾಲ್ಕಿಂಚಿನ ಪೈಪಿಗೆ ಮೀಟರಿಗೆ ಎರಡೂವರೆ ಸೆಂಟಿಮೀಟರ್ ಇಳಿಜಾರು ಬೇಕು ಅಂದ. ಒಟ್ಟು 35 ಸೆಂಟಿಮೀಟರ್. ಇಳಿಜಾರು ಕಮ್ಮಿಯಾದರೆ ಎಲ್ಲ ಅಲ್ಲೇ ನಿಲ್ಲುತ್ತದೆ. ತೀರಾ ಜಾಸ್ತಿಯಾದರೆ ನೀರು ಓಡಿಹೋಗಿ ಹೊಲಸು ಹಿಂದೆ ಉಳಿಯುತ್ತದೆ. ತಿಳಿಕೊಳವೆಯಲ್ಲಿ ನೀರು ತುಂಬಿ ಎರಡು ತುದಿಯಲ್ಲಿ ಹಿಡಿದು ಮಟ್ಟ ನೋಡಿದ. ಪೈಪು ತಿರುಗುವ ಎರಡು ಕಡೆ ಚೇಂಬರ್ ಕಟ್ಟಿಸಿದ. ಕಟ್ಟಿಕೊಂಡರೆ ಅಲ್ಲಿಂದ ಕೋಲು ಹಾಕಿ ಬಿಡಿಸಬಹುದು.

ಟ್ಯಾಂಕು ಮುಂದೆ ಬಂದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಕೆಲವು ವರ್ಷಕ್ಕೊಮ್ಮೆ ಅದನ್ನು ಖಾಲಿ ಮಾಡಿಸಬೇಕು. ಹಿತ್ತಲಲ್ಲಿ ಇದ್ದರೆ ಟ್ಯಾಂಕರಿನ ಪೈಪು ಮುಟ್ಟುವುದಿಲ್ಲ. ಆಗ ಜನರನ್ನೇ ಒಳಗೆ ಇಳಿಸುತ್ತಾರೆ. ಮಲ ಬಾಚುವ ಕೆಲಸಕ್ಕೆ ಜನರನ್ನು ಹಚ್ಚಬಾರದು ಅನ್ನುವ 2013ರ ಕಾಯ್ದೆ ಬಂದ ಮೇಲೂ ಎಷ್ಟು ಜನ ಹಾಗೆ ಇಳಿದು ಉಸಿರುಗಟ್ಟಿ ಸತ್ತಿದ್ದಾರೆ. ನಮ್ಮ ಮನೆಯ ಗುಂಡಿಗೆ ಯಾರ ಮಗನೂ ಇಳಿಯಬಾರದು ಅಂತ ಯಜಮಾನರು ಮೊದಲೇ ಹೇಳಿದ್ದರು. ಎರಡು ಅಂಕಣದ ಟ್ಯಾಂಕಿಗೆ ಎರಡು ದೊಡ್ಡ ಮುಚ್ಚಳ ಇಟ್ಟು, ಗೇಟಿನಿಂದ ಪೈಪು ನೇರ ಬರುವ ಹಾಗೆ ದಾರಿ ಬಿಟ್ಟೆವು.

ಈಗ ಲೈಸೆನ್ಸಿನ ಮಾತು. ಆಗ ಕುಡಿಯುವ ನೀರಿನ ಕೆಲಸ ಪೀಡಬ್ಲ್ಯೂಡಿ ಕೈಯಲ್ಲಿತ್ತು. ನಳದ ಅರ್ಜಿ ತರಲು ಹೋದಾಗ ಅದರ ಮೇಲೆ ಲೈಸೆನ್ಸ್ ಇರುವ ಪ್ಲಂಬರನ ಸಹಿ ಬೇಕು ಅಂದರು. ನನಗೆ ಆಶ್ಚರ್ಯ. ನಮ್ಮೂರ ಕಡೆ ಪಂಚಾಯತಿ ನಳ ಹಾಕಿಸಲು ಯಾರೂ ಪ್ಲಂಬರನ ಕಾಗದ ಕೇಳಿದ್ದನ್ನು ನಾನು ನೋಡಿಲ್ಲ. ಮುಂಬೈ, ಪುಣೆಯಂಥ ಕಡೆ ಮಹಾನಗರಪಾಲಿಕೆಯೇ ಪ್ಲಂಬರುಗಳಿಗೆ ಪರವಾನಗಿ ಕೊಡುತ್ತದೆ ಅಂತ ಕೇಳಿದ್ದೆ. ಇಲ್ಲಿ ಹಳ್ಳಿಯಲ್ಲೂ ಬೇಕು.

ನನ್ನ ತಮ್ಮನಿಗೆ ಹೇಳಿದೆ. ಅವನು ನಕ್ಕ. "ಅಕ್ಕಾ, ಅದಕ್ಕ್ಯಾಕ ಚಿಂತಿ? ಸಹಿ ಮಾಡೋರು ಬ್ಯಾರೆ, ಕೆಲಸಾ ಮಾಡೋರು ಬ್ಯಾರೆ. ಒಬ್ಬಾವಂದು ನಂಬರ್ ಕೊಡ್ತೀನಿ" ಅಂದ.

ಆ ಮನುಷ್ಯನಿಗೆ ಫೋನ್ ಮಾಡಿದೆ. ಎರಡು ಸಾವಿರ ಕೊಡಿ, ಅರ್ಜಿ ಕಳಿಸಿ, ಸಹಿ ಮಾಡಿ ಕೊಡುತ್ತೇನೆ ಅಂದ. ಯಾವಾಗ ಬಂದು ನೋಡುತ್ತೀರಿ ಎಂದು ಕೇಳಿದೆ. ನೋಡುವುದು ಏನಿದೆ ಅಂದ. ಫೋನ್ ಇಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಹೊಲಿದ ಬ್ಲೌಸು ಸರಿ ಬರದಿದ್ದರೆ ಜನ ನನ್ನ ಹತ್ತಿರವೇ ಬರುತ್ತಾರೆ. ನೋಡದ ಪೈಪಿಗೆ ಸಹಿ ಮಾಡಿದವನ ಹತ್ತಿರ ಯಾರು ಹೋಗಬೇಕು?

ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿ ಇನ್ನೊಬ್ಬರನ್ನು ಹುಡುಕಿದೆ. ವಯಸ್ಸಾದವರು, ಗೋವಾದವರೇ. ಅವರು ಫೋನಿನಲ್ಲಿ ಮೊದಲು ಕೇಳಿದ್ದೇ, "ಗೋಡೆಗೆ ಪ್ಲಾಸ್ಟರ್ ಆಗಿದೆಯಾ?" ಇಲ್ಲ ಅಂದೆ. "ಹಾಗಾದರೆ ನಿಲ್ಲಿಸಿ. ನಾನು ನೋಡದೆ ಮುಚ್ಚಬೇಡಿ."

ಅವರು ಬಂದ ದಿನ ನನ್ನ ತಮ್ಮನ ಮುಖ ಗಂಟಾಗಿತ್ತು. ಹಿರಿಯರು ಅವನ ಜೊತೆ ಮೆಲ್ಲಗೆ ಹಿಂದಿಯಲ್ಲಿ ಮಾತಾಡುತ್ತಾ ಮನೆಯೆಲ್ಲ ಸುತ್ತಿದರು. ಇಳಿಜಾರು ನೋಡಿದರು. ಬಚ್ಚಲಿನ ನೀರು ಹೊರಗೆ ಹೋಗುವ ನಹಣಿ ಟ್ರ್ಯಾಪಿನಲ್ಲಿ ಬೆರಳು ಅದ್ದಿ ಎಷ್ಟು ನೀರು ನಿಲ್ಲುತ್ತದೆ ಅಂತ ನೋಡಿದರು. ಆ ನಿಂತ ನೀರೇ ಚರಂಡಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು. "ಕೆಲಸ ಚೆನ್ನಾಗಿದೆ" ಎಂದು ತಮ್ಮನ ಬೆನ್ನು ತಟ್ಟಿದರು. ಆಮೇಲೆ ನೆಲದೊಳಗಿನ ಸಂಪಿನ ಹತ್ತಿರ ಬಂದು ನಿಂತರು.

ತಮ್ಮ ಹೊರಗಿನಿಂದ ಬರುವ ಪೈಪನ್ನು ಸಂಪಿನ ತಳದವರೆಗೆ ಇಳಿಸಿದ್ದ. ಯಾಕೆ ಎಂದು ಕೇಳಿದರು. ನೀರು ಬೀಳುವ ಸಪ್ಪಳ ಆಗಬಾರದು ಅಂತ, ರಾತ್ರಿ ಮಲಗಿದವರಿಗೆ ತೊಂದರೆ ಅಂತ ಅವನು ಹೇಳಿದ. ಅದು ಅವನ ಒಳ್ಳೆಯ ಮನಸ್ಸೇ. ಎರಡನೆಯದು, ನಳದ ಪೈಪಿನಿಂದ ನೇರವಾಗಿ ಪಂಪಿಗೆ ಒಂದು ಕೊಂಡಿ ಕೊಟ್ಟಿದ್ದ. ಒತ್ತಡ ಕಮ್ಮಿ ಇದ್ದಾಗ ಎಳೆದುಕೊಳ್ಳಬಹುದು ಅಂತ.

ಹಿರಿಯರು ಸಂಪಿನ ಕಟ್ಟೆಯ ಮೇಲೆ ಕೂತರು. ಅವನನ್ನೂ ಕೂರಿಸಿಕೊಂಡರು. "2019ರ ಆಗಸ್ಟ್ 15 ನೆನಪಿದೆಯಾ?" ಅಂದರು.

ನನಗೆ ಚೆನ್ನಾಗಿ ನೆನಪಿದೆ. ಖಾಂಡೆಪಾರ್ ಹತ್ತಿರ ಗುಡ್ಡದ ಮಣ್ಣು ಕುಸಿದು ಓಪಾ ನೀರಿನ ಘಟಕದಿಂದ ಬರುವ ದೊಡ್ಡ ಪೈಪುಗಳು ಒಡೆದಿದ್ದವು. ಫೋಂಡಾ, ಪಣಜಿ ಕಡೆಯೆಲ್ಲ ಹತ್ತಿರ ಹತ್ತಿರ ಒಂದು ವಾರ ನೀರಿಲ್ಲ. ಹೊರಗೆ ಧೋ ಅಂತ ಮಳೆ, ಮನೆಯಲ್ಲಿ ಕುಡಿಯಲು ನೀರಿಲ್ಲ. ಓಪಾದ ನೀರು ಖಾಂಡೆಪಾರ್ ನದಿಯದು. ಅದು ಮಾಂಡವಿಗೆ ಸೇರುತ್ತದೆ. ಆ ಮಾಂಡವಿಯೇ ನಮ್ಮೂರವರು ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತ ಮಹದಾಯಿ. ಎರಡೂ ಕಡೆಯವರ ಬಾಯಾರಿಕೆ ನಾನು ಕಂಡಿದ್ದೇನೆ. ಹಾಗಾಗಿ ಆ ಜಗಳದ ಸುದ್ದಿ ಬಂದಾಗ ನನಗೆ ಯಾವ ಕಡೆಯೂ ಮಾತಾಡಲು ಬಾಯಿ ಬರುವುದಿಲ್ಲ.

ಹಿರಿಯರು ಹೇಳಿದರು: "ಆ ವಾರ ನೀವು ಟ್ಯಾಂಕರ್ ನೀರು ತರಿಸಿ ಸಂಪಿಗೆ ತುಂಬಿದಿರಿ ಅಂದುಕೊಳ್ಳಿ. ಅದು ಯಾವ ನೀರೋ ಏನೋ. ನಳದ ಪೈಪಿನ ಬಾಯಿ ಆ ನೀರಿನಲ್ಲಿ ಮುಳುಗಿದೆ. ರಸ್ತೆಯ ಪೈಪು ಖಾಲಿ. ತಗ್ಗಿನ ಮನೆಯವರು ನಳ ತಿರುಗಿಸುತ್ತಾರೆ. ನಿಮ್ಮ ಸಂಪಿನ ನೀರು ಹಿಂದಕ್ಕೆ ಎಳೆದುಕೊಂಡು ಅವರ ಮನೆಗೆ ಹೋಗುತ್ತದೆ." ಪೈಪಿನ ಬಾಯಿ ಯಾವಾಗಲೂ ನೀರಿನ ಅತಿ ಎತ್ತರದ ಮಟ್ಟಕ್ಕಿಂತ ಮೇಲೆ ಇರಬೇಕು, ನಡುವೆ ಗಾಳಿ ಇರಬೇಕು. ಪಂಪಿನ ಕೊಂಡಿಯೂ ಹಾಗೆಯೇ ಅಪಾಯ. ಪಂಪು ಜಗ್ಗಿದಾಗ ರಸ್ತೆಯ ಪೈಪಿನಲ್ಲಿ ಎಲ್ಲೆಲ್ಲಿ ಸಂದು ಇದೆಯೋ ಅಲ್ಲಿಂದ ಚರಂಡಿ ನೀರೂ ಒಳಗೆ ಬರುತ್ತದೆ. ಮುಂದಿನ ಮನೆಯವರಿಗೆ ನೀರೇ ಸಿಗುವುದಿಲ್ಲ.

ನನ್ನ ತಮ್ಮ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕನ್ನಡದಲ್ಲಿ ನನಗೊಬ್ಬಳಿಗೇ ಕೇಳುವ ಹಾಗೆ ಅಂದ. "ಅಕ್ಕಾ, ಹದಿನಾಕ ವರ್ಷದಾಗ ಎಷ್ಟ ಮನಿಗೆ ಹಿಂಗ ಹಾಕೇನಿ. ಯಾರೂ ಹೇಳಲಿಲ್ಲಲ್ಲ."

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವನಿಗೆ ಕಲಿಯಲು ಮನಸ್ಸಿಲ್ಲ ಅಂತಲ್ಲ. ಅವನು ಮಾಡಿದ ಕೆಲಸವನ್ನು ತಿಳಿದವರು ಯಾರೂ ಬಂದು ನೋಡಲೇ ಇಲ್ಲ. ಪ್ರತಿ ಮನೆಗೂ ಒಬ್ಬರು ಸಹಿ ಮಾಡಿದ್ದಾರೆ. ಒಬ್ಬರೇ ಒಬ್ಬರು ಬಂದಿದ್ದರೂ ಮೊದಲ ವರ್ಷವೇ ಅವನಿಗೆ ಇದು ಗೊತ್ತಾಗುತ್ತಿತ್ತು. ಲೈಸೆನ್ಸ್ ನಿಯಮ ಬೇಕೇ ಬೇಕು ಅಂತ ನಾನು ಹೇಳುತ್ತೇನೆ. ಅಷ್ಟೇ ಗಟ್ಟಿಯಾಗಿ ಇದನ್ನೂ ಹೇಳುತ್ತೇನೆ, ಕೈಯಲ್ಲಿ ಕೆಲಸ ಇದ್ದು ಶಾಲೆ ಓದದವರಿಗೆ ಆ ಲೈಸೆನ್ಸಿಗೆ ಹೋಗುವ ದಾರಿ ಬೇಕು. ಐಟಿಐಯಲ್ಲಿ ಪ್ಲಂಬರ್ ಕೋರ್ಸು ಒಂದು ವರ್ಷದ್ದು. ಹೆಂಡತಿ ಮಕ್ಕಳು ಇರುವವನು ಒಂದು ವರ್ಷ ದುಡಿಯದೆ ಕೂರಲು ಆಗುತ್ತದಾ?

ಅವತ್ತೇ ಎರಡೂ ತಪ್ಪು ಸರಿ ಮಾಡಿದ. ಪೈಪಿನ ಬಾಯಿ ಮೇಲೆ ಬಂತು, ಅದಕ್ಕೆ ಫ್ಲೋಟ್ ವಾಲ್ವ್ ಕೂರಿಸಿದ. ಪಂಪಿನ ಕೊಂಡಿ ಕತ್ತರಿಸಿ ಬಾಯಿಗೆ ಡಮ್ಮಿ ಮುಚ್ಚಳ ಹಾಕಿದ. ಹೊರಗಿನ ನೀರಿನ ಪೈಪು ಸೆಪ್ಟಿಕ್ ಟ್ಯಾಂಕಿನ ಬದಿಗೆ ಬರದೆ ಗೇಟಿನ ಬದಿಯಿಂದ ಬರಬೇಕು, ಚರಂಡಿ ಪೈಪಿಗಿಂತ ಮೇಲೆ ಇರಬೇಕು ಅಂತ ಹಿರಿಯರು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದರು. ಹೋಗುವ ಮುಂಚೆ ಕೈಪಂಪು ಹಚ್ಚಿ ಪೈಪಿನಲ್ಲಿ ನೀರು ತುಂಬಿ 6 ಕೆಜಿ ಒತ್ತಡಕ್ಕೆ ಬಿಟ್ಟರು. ಬೆಳಿಗ್ಗೆ ಮುಳ್ಳು 4ಕ್ಕೆ ಇಳಿದಿತ್ತು. ಎಲ್ಲೋ ಸೋರುತ್ತಿದೆ. ತಮ್ಮ ಒಂದೊಂದೇ ಜಾಯಿಂಟಿಗೆ ಒಣ ಬಟ್ಟೆ ಒತ್ತುತ್ತಾ ಹೋದ. ಬಚ್ಚಲಿನ ಒಂದು ಎಲ್ಬೋ ಒದ್ದೆ. ಅಲ್ಲಿ ಪೈಪು ಅಂಟಿಸುವ ಸಾಲ್ವೆಂಟ್ ಒಂದೇ ಬದಿಗೆ ಹಿಡಿದಿತ್ತು. ಕತ್ತರಿಸಿ ಹೊಸದು ಹಾಕಿದ. ಮರುದಿನ ಮುಳ್ಳು 6ರಲ್ಲೇ ಇತ್ತು. ಪ್ಲಾಸ್ಟರ್ ಆದ ಮೇಲೆ ಗೊತ್ತಾಗಿದ್ದರೆ ಟೈಲ್ಸ್ ಒಡೆಯಬೇಕಿತ್ತು.

ಹಿರಿಯರು ಅರ್ಜಿಗೆ ಸಹಿ ಮಾಡಿ ತಮ್ಮ ಲೈಸೆನ್ಸ್ ನಂಬರ್ ಬರೆದರು. ದುಡ್ಡನ್ನೂ ತಗೊಂಡರು. ಎರಡು ಸಾವಿರಕ್ಕಿಂತ ಜಾಸ್ತಿಯೇ. ಕೊಡುವಾಗ ನನಗೆ ಸ್ವಲ್ಪವೂ ನೋವಾಗಲಿಲ್ಲ.

2023ರ ಮೇ ತಿಂಗಳಲ್ಲಿ ಪಂಚಾಯತಿ ವಾಸಯೋಗ್ಯ ಪತ್ರ ಕೊಟ್ಟಿತು, ಮನೆ ನಂಬರ್ ಬಂತು. ಮನೆತೆರಿಗೆ ರಸೀದಿ, ಆರೋಗ್ಯ ಕೇಂದ್ರದ ಪತ್ರ, ಪಂಚಾಯತಿಯ ಎನ್‌ಒಸಿ, ಎಲ್ಲ ಜೋಡಿಸಿ ನಳದ ಅರ್ಜಿ ಕೊಟ್ಟೆ. ಜೂನಿಯರ್ ಇಂಜಿನಿಯರ್ ಬಂದು ಜಾಗ ನೋಡಿದರು. ಮುಖ್ಯ ಪೈಪು ರಸ್ತೆಯ ಆಚೆ ಬದಿಗೆ ಇದೆ. ರಸ್ತೆ ಅಗೆಯಲು ಬೇರೆ ಅನುಮತಿ. ಅದು ಕೈಗೆ ಬರುವಷ್ಟರಲ್ಲಿ ಜೂನ್ ಬಂತು. ಮಳೆಗಾಲದಲ್ಲಿ ರಸ್ತೆ ಅಗೆಯಲು ಬಿಡುವುದಿಲ್ಲ, ಅಕ್ಟೋಬರಿನಲ್ಲಿ ಬನ್ನಿ ಅಂದರು.

ಗೋವಾದ ಹಳ್ಳಿಗಳಲ್ಲಿ ಪ್ರತಿ ಮನೆಗೂ ನಳ ಮುಟ್ಟಿದೆ ಅಂತ 2022ರ ಆಗಸ್ಟಿನಲ್ಲಿ ಪ್ರಮಾಣಪತ್ರ ಸಿಕ್ಕಿತ್ತು. ಅದು ಆಗ ಇದ್ದ ಮನೆಗಳ ಲೆಕ್ಕ. ನಮ್ಮದು ಹೊಸ ಮನೆ. ಬಾಡಿಗೆ ಮನೆ ಬಿಟ್ಟಾಗಿತ್ತು. ಹೊಸ ಮನೆಯಲ್ಲಿ ಎಲ್ಲ ಇತ್ತು, ನೀರು ಮಾತ್ರ ಇರಲಿಲ್ಲ.

ಮೊದಲ ದಿನ ಸಂಜೆ ಮಾವಶಿ ಗೋಡೆಯ ಆಚೆಯಿಂದ ಕೂಗಿದರು. ಕೊಡ ತಗೊಂಡು ಬಾ ಅಂದರು.

ಜೂನಿನಿಂದ ನವೆಂಬರ್ ಮೊದಲ ವಾರದವರೆಗೆ ನಾವು ನಾಲ್ಕು ಜನ ಆ ಬಾವಿಯ ನೀರೇ ಕುಡಿದೆವು. ಬೆಳಿಗ್ಗೆ ಆರು ಕೊಡ, ಸಂಜೆ ನಾಲ್ಕು. ಆಗಸ್ಟಿನಲ್ಲಿ ನಿಜವಾಗಿ ನೀರು ಕೈಗೆ ಸಿಗುವಷ್ಟು ಮೇಲೆ ಬಂತು. ಹಗ್ಗ ಎರಡು ಮೊಳ ಸಾಕಾಗುತ್ತಿತ್ತು. ಪ್ರತಿ ಸಲ ಬಗ್ಗಿದಾಗಲೂ ನನ್ನ ಕಣ್ಣು ನಮ್ಮ ಗೋಡೆಯ ಕಡೆ ಹೋಗುತ್ತಿತ್ತು. ಮೊದಲ ನಕ್ಷೆಯ ಹಾಗೆ ಆಗಿದ್ದರೆ ಆ ನೀರಿನಲ್ಲಿ ಏನಿರುತ್ತಿತ್ತು? ಅದನ್ನು ಕುಡಿಯುತ್ತಿದ್ದವಳು ಮಾವಶಿಯಷ್ಟೇ ಅಲ್ಲ, ನನ್ನ ಮಗಳೂ. ಹಳ್ಳಿಯಲ್ಲಿ ನೀರು ಪರೀಕ್ಷಿಸಲು ತರಬೇತಿ ಪಡೆದ ಹೆಣ್ಣುಮಕ್ಕಳು ಇದ್ದಾರೆ. ಅವರಲ್ಲಿ ಒಬ್ಬರು ಬಂದು ಸಣ್ಣ ಬಾಟಲಿಯಲ್ಲಿ ಬಾವಿ ನೀರು ಹಿಡಿದು ಇಟ್ಟರು. ರೋಗಾಣು ಇದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ ಅಂದರು. ಎರಡು ದಿನ ನಾನು ಎದ್ದ ಕೂಡಲೇ ಅದನ್ನೇ ನೋಡಿದೆ. ಕಪ್ಪಾಗಲಿಲ್ಲ. ಆದರೂ ಕಾಯಿಸಿಯೇ ಕುಡಿದೆವು.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ರಸ್ತೆ ಅಗೆದರು. ಮುಖ್ಯ ಪೈಪಿಗೆ ಕವಲು ತೆಗೆಯುವ ಫೆರೂಲ್ ಕೂರಿಸಿ ಅರ್ಧ ಇಂಚಿನ ಲೈನು ತಂದರು. ಗೇಟಿನ ಹತ್ತಿರ ಮೀಟರ್ ಕೂತಿತು. ತಮ್ಮ ವಾಸ್ಕೋದಿಂದ ಆ ದಿನ ಬೇಕಂತಲೇ ಬಂದಿದ್ದ. ಹಿರಿಯ ಪ್ಲಂಬರೂ ಬಂದಿದ್ದರು. ಮೊದಲು ಕೆಂಪು ನೀರು ಬಂತು. ಹತ್ತು ನಿಮಿಷ ಬಿಟ್ಟು ಹರಿಸಿದರು. ಆಮೇಲೆ ತಿಳಿಯಾಯಿತು. ಸಂಪಿನಲ್ಲಿ ಮೇಲಿನಿಂದ ಬೀಳುವ ನೀರು ಸಪ್ಪಳ ಮಾಡುತ್ತದೆ, ಈಗಲೂ. ಬೆಳಗಿನ ಜಾವ ಆ ಸಪ್ಪಳಕ್ಕೇ ನನಗೆ ಎಚ್ಚರ ಆಗುವುದು.

ತಮ್ಮ ಈಗ ಹಿರಿಯರ ಜೊತೆಗೇ ಕೆಲಸ ಮಾಡುತ್ತಾನೆ. ಅನುಭವದ ಮೇಲೆ ಪರೀಕ್ಷೆ ತಗೊಂಡು ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಅನ್ನುವ ವ್ಯವಸ್ಥೆ ಸರ್ಕಾರದ ಕೌಶಲ್ಯ ಯೋಜನೆಯಲ್ಲಿ ಇದೆ. ಅದಕ್ಕೆ ಹೆಸರು ಕೊಟ್ಟು ಪಾಸಾದ. ಅದು ಲೈಸೆನ್ಸ್ ಅಲ್ಲ, ಆದರೆ ಅವನ ಕೆಲಸಕ್ಕೆ ಸಿಕ್ಕ ಮೊದಲ ಕಾಗದ. ಅವನು ಹಳೇ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದಾನೆ. ಸಂಪಿನ ಪೈಪು ಮೇಲಕ್ಕೆ ಎತ್ತಿ ಕೊಡುತ್ತೇನೆ, ದುಡ್ಡು ಬೇಡ ಅನ್ನುತ್ತಾನೆ. ಕೆಲವರು ಕರೆಯುತ್ತಾರೆ. ಕೆಲವರು ಈಗೇನೂ ತೊಂದರೆ ಇಲ್ಲವಲ್ಲ ಅನ್ನುತ್ತಾರೆ.

ಹೋದ ತಿಂಗಳು ಮಾವಶಿಯ ಬಲಗಡೆ ಹೊಸ ಮನೆಗೆ ಜಾಗ ಗುರುತು ಮಾಡಿದರು. ಮಾವಶಿ ಗೋಡೆಯ ಆಚೆಯಿಂದ ನನ್ನನ್ನು ಕೂಗಿದರು. ನಾನು ಟೇಪು ತಗೊಂಡು ಹೋದೆ. ಮನೆ ಕಟ್ಟುವವರು ತಾವೇ ಒಂದು ತುದಿ ಹಿಡಿದರು. ಹದಿಮೂರು ಬಂತು.